ಬಿಚ್ಚದ ಹೊಲಿಗೆ

ನನ್ನ ಮೊದಲ ಜೊತೆ ಪ್ಯಾಡುಗಳನ್ನು ಅಪ್ಪ ಹೊಲಿದುಕೊಟ್ಟಿದ್ದು ಒಂದು ಹಳೇ ಗಾದಿಯನ್ನು ಬಿಚ್ಚಿ. ನಾವು ಜಗಳೂರಿನ ಪಿಂಜಾರರು. ಹತ್ತಿ ಹಿಂಜುವುದು, ಗಾದಿ ದಿಂಬು ಹೊಲಿಯುವುದು ಮನೆಯ ಕಸುಬು. ಹಾಕಿಯಲ್ಲಿ ಗೋಲು ಕಾಯುವವಳು ಕಾಲಿಗೆ ಕಟ್ಟಿಕೊಳ್ಳುವ ಪ್ಯಾಡುಗಳ ಬೆಲೆ ಕೇಳಿ ಅಪ್ಪ ನಕ್ಕುಬಿಟ್ಟ.

"ಅಷ್ಟು ದುಡ್ಡಿಗೆ ಒಂದು ಮದುವೆ ಮನೆಗೆಲ್ಲಾ ಗಾದಿ ಹೊಲೀತೀನಿ. ಕಾಲಿಗೆ ಕಟ್ಟಿಕೊಳ್ಳೋದು ತಾನೇ? ಕುಂದ್ರು, ಅಳತೆ ಕೊಡು."

ಹೊರಗೆ ಕಂದು ರೆಕ್ಸಿನ್, ಒಳಗೆ ಒತ್ತೊತ್ತಿ ತುಂಬಿದ ಹತ್ತಿ, ನಡುನಡುವೆ ಗಾದಿಗೆ ಹಾಕುವಂಥ ಗಂಟು ಹೊಲಿಗೆ. ಹಿಂದೆ ಕಟ್ಟಿಕೊಳ್ಳಲು ಒಂದೊಂದಕ್ಕೂ ನಾಲ್ಕು ಲಾಡಿ. ಆ ಲಾಡಿಗಳನ್ನು ಅಪ್ಪ ನಾಲ್ಕೆಳೆ ದಾರಕ್ಕೆ ಮೇಣ ಸವರಿ ಹೊಲಿದ. ಮುಗಿದ ಮೇಲೆ ಒಂದೊಂದನ್ನೂ ಕಾಲಲ್ಲಿ ಒತ್ತಿ ಹಿಡಿದು ಎರಡೂ ಕೈಯಿಂದ ಜಗ್ಗಿ ನೋಡಿದ. ಗಿರಾಕಿಗಳಿಗೆಲ್ಲ ಹೇಳುವ ಮಾತನ್ನೇ ನನಗೂ ಹೇಳಿದ:

"ಬಟ್ಟೆ ಹರಿದೀತು, ಇಮಾಮ್‌ಸಾಬನ ಹೊಲಿಗೆ ಬಿಚ್ಚಲ್ಲ."

ಅಜ್ಜಿ ಗುಲ್ಜಾರ್‌ಬೀ ಹೊಸ್ತಿಲಲ್ಲಿ ಕೂತು ಹತ್ತಿಯೊಳಗಿನ ಕಸ ಆರಿಸುತ್ತಿದ್ದಳು. "ಗಾದಿ ಕಟ್ಟಿಕೊಂಡು ಆಟಕ್ಕೆ ಹೊಂಟಾಳೆ ನೋಡ್ರಿ ನನ್ನ ಮೊಮ್ಮಗಳು. ಎಲ್ಲಿ ಬಿದ್ರೂ ಅಲ್ಲೇ ನಿದ್ದೆ ಮಾಡಬೌದು!"

ನಾನು ಕಥೆ ಕಲಿತದ್ದು ಆ ಹೊಸ್ತಿಲ ಮೇಲೆಯೇ. ಅಜ್ಜಿಯ ಕಥೆಗಳಲ್ಲಿ ಹತ್ತಿಯ ಹಾಗೆ ಎಲ್ಲವೂ ಹಗುರಾಗಿ ಹಾರಾಡುತ್ತಿದ್ದವು, ಆದರೆ ಕೆಲವು ಮಾತ್ರ ಬೀಜದ ಹಾಗೆ ಕೈಗೆ ಒತ್ತುತ್ತಿದ್ದವು. ಅಂಥದ್ದೊಂದು ಕೋಟೆಯ ಕಥೆ. ಕೋಟೆಯ ಸುತ್ತ ತೋಳಗಳಿದ್ದ ಕಾಡು. ದಿನಾ ಬಾಗಿಲು ಹಾಕುವ ಮುಂಚೆ ಕಾವಲುಗಾರ ಒಳಗೆ ಬಂದವರ ತಲೆ ಎಣಿಸುತ್ತಿದ್ದ. ನೂರಾಯಿತೋ, ಅಗುಳಿ ಹಾಕುತ್ತಿದ್ದ. ಒಂದು ದಿನ ಚೆಂಡಿನ ಹಿಂದೆ ಓಡುತ್ತಾ ಓಡುತ್ತಾ ಬೇರೆ ಊರಿನ ಹುಡುಗಿಯೊಬ್ಬಳು ಒಳಗೆ ಬಂದುಬಿಟ್ಟಳು. ನೂರಾಯಿತು. ತಪ್ಪಿಸಿಕೊಂಡ ಕುರಿಯನ್ನು ಹುಡುಕಲು ಹೋಗಿದ್ದ ಕುರುಬ ಹೊರಗೇ ಉಳಿದ. ಬಾಗಿಲು ಬಡಿದ. ಕಾವಲುಗಾರ ಒಳಗಿನಿಂದಲೇ ಅಂದ: "ಎಲ್ಲಾರೂ ಬಂದಾರೆ. ಲೆಕ್ಕ ಸರಿ ಐತೆ. ನೀನ್ಯಾರು?"

"ಆಮೇಲೆ?" ಎಂದು ನಾನು ಕೇಳುತ್ತಿದ್ದೆ.

"ಆಮೇಲೇನು, ಹತ್ತಿ ಆರಿಸು," ಎನ್ನುತ್ತಿದ್ದಳು ಅಜ್ಜಿ. ಆ ಕಥೆಗೆ ಅವಳು ಎಂದೂ ಕೊನೆ ಹೇಳಲಿಲ್ಲ.

ಜಗಳೂರಿಗೆ ಹಾಕಿ ಆಟ ತಂದವರು ನಮ್ಮ ತಿಪ್ಪೇರುದ್ರಸ್ವಾಮಿ ಮೇಷ್ಟ್ರು. ಹನ್ನೆರಡು ವರ್ಷ ಸೈನ್ಯದಲ್ಲಿದ್ದು ಬಂದು ಶಾಲೆಯಲ್ಲಿ ಆಟದ ಮೇಷ್ಟ್ರಾದವರು. ಕಬಡ್ಡಿ ಬಿಟ್ಟರೆ ವಾಲಿಬಾಲ್ ಎನ್ನುವ ಊರಲ್ಲಿ ಹುಡುಗಿಯರ ಕೈಗೆ ಬಾಗಿದ ಕೋಲು ಕೊಟ್ಟು ಮೊರಂ ಮೈದಾನಕ್ಕೆ ಇಳಿಸಿದರು. ಶಾಲೆ ಮುಗಿದ ಮೇಲೂ ನಾವು ಹನ್ನೊಂದು ಜನ ಬಿಡಲಿಲ್ಲ. ಎಲ್ಲಾದರೂ ನಗದು ಬಹುಮಾನದ ಪಂದ್ಯಾವಳಿ ಇದೆ ಎಂದು ಗೊತ್ತಾದರೆ ಕೆಂಪು ಬಸ್ಸು ಹತ್ತುತ್ತಿದ್ದೆವು. ಗೆದ್ದದ್ದು ಬಸ್ಸಿಗೂ ಊಟಕ್ಕೂ ಸರಿಹೋಗುತ್ತಿತ್ತು. ಸ್ಟಿಕ್ ಮುರಿದರೆ ಫೆವಿಕಾಲು, ದಾರ, ನಮ್ಮಪ್ಪನ ಕೈ.

ಆಗ ಚಿತ್ತಪ್ಪ ಸಾಹುಕಾರರು ಬಂದರು. ಊರ ಹೊರಗಿನ ಗುಡ್ಡದ ಜಲ್ಲಿ ಕ್ರಷರು ಅವರದ್ದು. ಚಿಕ್ಕವಳಿದ್ದಾಗ ನಾನು ಆ ಯಂತ್ರವನ್ನು ಗುಡ್ಡ ತಿನ್ನುವ ರಾಕ್ಷಸ ಎಂದೇ ನಂಬಿದ್ದೆ. ಅಗಿದು ಅಗಿದು ಉಗುಳಿದ್ದು ಜಲ್ಲಿ, ಅವನ ಬಾಯಿಂದ ಹಾರಿದ ಹಿಟ್ಟು ನಮ್ಮೂರಿನ ಮೆಕ್ಕೆಜೋಳದ ಗರಿಗಳ ಮೇಲೆಲ್ಲ. ಧೂಳಿನ ಬಗ್ಗೆ ಜನ ಆಗಾಗ ಅರ್ಜಿ ಬರೆಯುತ್ತಿದ್ದರು.

ಸಾಹುಕಾರರ ಮಗ ತಿಮ್ಮೇಶ್ ರಷ್ಯಾದಲ್ಲಿ ಡಾಕ್ಟರಿಕೆ ಓದುತ್ತಿದ್ದ. ಒಂದು ದಿನ ಮೈದಾನದಲ್ಲೇ ಸಾಹುಕಾರರು ಫೋನ್ ಎತ್ತಿ ಮೇಷ್ಟ್ರ ಮುಖಕ್ಕೆ ಹಿಡಿದರು. ಉಣ್ಣೆ ಟೋಪಿಯ ತಿಮ್ಮೇಶ್, ಅವನ ಹಿಂದೆ ಹಾಲು ಚೆಲ್ಲಿದಂಥ ಐಸು, ಅದರ ಮೇಲೆ ಜಾರುತ್ತಾ ಹಾಕಿ ಆಡುವವರು.

"ಟಿಕೆಟ್ ದುಬಾರಿ ಇರಬೇಕು," ಎಂದರು ಮೇಷ್ಟ್ರು.

"ಇಲ್ಲ ಸಾರ್, ಅಗ್ಗ. ಇಲ್ಲಿ ಟಿಕೆಟ್ ದುಡ್ಡಿಂದ ಟೀಮು ಬದುಕಲ್ಲ. ಈ ಊರಿಂದು ಉಕ್ಕಿನ ಕಾರ್ಖಾನೆ ಸಾಕಿರೋ ಟೀಮು. ಇನ್ನೊಂದೂರಿಂದು ಎಣ್ಣೆ ಕಂಪನಿದು. ಕೆಲವಂತೂ ಆ ಪ್ರಾಂತ್ಯದ ಸರ್ಕಾರದ ಬೊಕ್ಕಸದಿಂದ್ಲೇ ನಡೀತಾವೆ. ಬಹಳಷ್ಟು ಟೀಮಿಗೆ ಲಾಭ ಅನ್ನೋದೇ ಇಲ್ಲ."

"ಮತ್ಯಾಕೆ ಸಾಕ್ತಾರೆ?"

"ಮ್ಯಾಲಿನೋರಿಗೆ ಖುಷಿ, ಊರೋರಿಗೂ ಖುಷಿ. ಆಟ ನೋಡ್ತಾ ನೋಡ್ತಾ ಕಾರ್ಖಾನೆ ಹೊಗೆ ಮರ್ತು ಬಿಡ್ತಾರೆ."

ಸಾಹುಕಾರರು ಹೊಟ್ಟೆ ಕುಲುಕಿಸಿ ನಕ್ಕರು. "ನಂದು ಧೂಳು ಕಣ್ರೀ ಸ್ವಾಮಿ!"

"ಹಳೇ ಕಾಲದಾಗೆ," ತಿಮ್ಮೇಶ್ ಮುಂದುವರಿಸಿದ, "ಆಟಗಾರರೆಲ್ಲಾ ಕಾಗದದ ಮ್ಯಾಲೆ ಸೈನಿಕರು, ಇಲ್ಲಾ ಕಾರ್ಖಾನೆ ಕೆಲಸದೋರು. ಸಂಬಳ ಅಲ್ಲಿಂದ, ಕೆಲಸ ಐಸ್ ಮ್ಯಾಲೆ."

"ನಾನೂ ಹಂಗೇ ಕಣಪ್ಪ," ಎಂದರು ಮೇಷ್ಟ್ರು, ಬಾಲ್ಯದ ಗೆಳೆಯ ಸಿಕ್ಕವರಂತೆ. "ಸೈನ್ಯದಾಗೆ ಬಂದೂಕಿಗಿಂತ ಸ್ಟಿಕ್ ಹಿಡಿದಿದ್ದೇ ಜಾಸ್ತಿ."

ನಮ್ಮ ನಾಯಕಿ ಅಕ್ಷಿತಾ ಮೇಷ್ಟ್ರ ಭುಜದ ಹಿಂದಿನಿಂದ ಕತ್ತು ಚಾಚಿ ಕೇಳಿದಳು, "ಅಣ್ಣಾ, ಕಾರ್ಖಾನೇನೇ ಮುಚ್ಚಿದ್ರೆ?"

"ಮುಚ್ಚಿದ್ರೆ ಟೀಮೂ ಮುಚ್ಚಿದಂಗೆ," ಎಂದ ತಿಮ್ಮೇಶ್. ಸಾಹುಕಾರರು ಅಷ್ಟರಲ್ಲಿ ಫೋನನ್ನು ಜೇಬಿಗೆ ಇಳಿಸಿದ್ದರು.

ಮುಂದಿನ ತಿಂಗಳಿಂದ ನಾವು ಹನ್ನೊಂದು ಜನ ಕ್ರಷರಿನ ಕೆಲಸಗಾರರಾದೆವು. ಕಾಗದದಲ್ಲಿ. ನನ್ನ ಹೆಸರಿನ ಮುಂದೆ 'ಬೆಲ್ಟ್ ಸಹಾಯಕಿ' ಎಂದಿತ್ತು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತಕ್ಕಿಂತ ಹೆಚ್ಚು ಹೆಸರು ಇರಬಾರದಂತೆ, ಇದ್ದರೆ ಬೇರೆ ಕಾನೂನು ಬರುತ್ತದಂತೆ. ಹಾಗಾಗಿ ನಮ್ಮ ಹನ್ನೊಂದು ಬರಬೇಕಾದರೆ ಹಳೆಯ ಹನ್ನೊಂದು ಹೋಗಬೇಕಿತ್ತು. ಅದು ನನಗೆ ಆಗ ಗೊತ್ತಿರಲಿಲ್ಲ ಎಂದು ಹೇಳಬಹುದು. ಕೇಳಲಿಲ್ಲ ಎನ್ನುವುದು ಸರಿ.

ಗುಮಾಸ್ತ ಶಾಹಿದಣ್ಣ ಪುಸ್ತಕವನ್ನು ಬಟ್ಟೆ ಅಂಗಡಿಯ ಚೀಲದಲ್ಲಿ ಹಾಕಿಕೊಂಡು ಮೈದಾನಕ್ಕೇ ತರುತ್ತಿದ್ದ. ಇಡೀ ತಿಂಗಳ ಸಹಿ ಒಂದೇ ಸಲಕ್ಕೆ.

"ಒಂದೇ ಥರ ಮಾಡಬ್ಯಾಡ್ರೆವ್ವಾ. ಒಂದಿನ ವಾರೆ, ಒಂದಿನ ನೆಟ್ಟಗೆ. ದಿನಾ ದುಡಿದು ದಣಿದ ಕೈ ಅನ್ನಿಸಬೇಕು."

"ನಂಗೆ ಹದಿಮೂರನೇ ತಾರೀಖು ಜ್ವರ ಬರಿಸ್ಲಾ ಅಣ್ಣಾ?" ಎಂದಳು ಅಕ್ಷಿತಾ.

"ಬರಿಸ್ಕ. ಒಂದು ದಿನದ ಸಂಬಳ ಕಟ್!"

ನಕ್ಕೆವು. ಸಂಬಳ ಬ್ಯಾಂಕಿಗೆ ಬಂತು. ಬೆನ್ನ ಮೇಲೆ ಕ್ರಷರಿನ ಹೆಸರು, ಎದೆಯ ಮೇಲೆ ನಮ್ಮ ಹೆಸರು ಇದ್ದ ನೀಲಿ ಜರ್ಸಿ ಬಂತು, ಹೊಸ ಸ್ಟಿಕ್ಕು ಬಂದವು. ನನಗೆ ಅಂಗಡಿಯ ಪ್ಯಾಡು ಬಂದವು, ನೀಲಿ ಫೋಮಿನವು, ಎತ್ತಿದರೆ ಹಕ್ಕಿಯಷ್ಟು ಹಗುರ. ಅಪ್ಪ ಅವನ್ನು ಒತ್ತಿ ನೋಡಿದ, ವಾಸನೆ ನೋಡಿದ, ಲಾಡಿಯ ಜಾಗದಲ್ಲಿದ್ದ ಅಂಟುಪಟ್ಟಿಯನ್ನು ಎರಡು ಸಲ ಚರ್ರ್ ಎಂದು ಕಿತ್ತು ಹಚ್ಚಿದ.

"ಇದೇನು, ಜಗ್ಗಿದ್ರೆ ಬಂದು ಬಿಡ್ತೈತೆ," ಎಂದು ಪಕ್ಕಕ್ಕಿಟ್ಟ.

ಜರ್ಸಿ ಹಾಕಿಕೊಂಡು ಫೋಟೋ ತೆಗೆಸಲು ಒಂದು ದಿನ ನಮ್ಮನ್ನು ಕ್ರಷರಿಗೆ ಕರೆದೊಯ್ದರು. ಚಿಕ್ಕಂದಿನ ರಾಕ್ಷಸನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ನೆಲ ನಡುಗುತ್ತಿತ್ತು. ಕಲ್ಲು ಹೊತ್ತು ಮೇಲಕ್ಕೆ ಹೋಗುವ ಉದ್ದನೆಯ ರಬ್ಬರ್ ಬೆಲ್ಟು, ಅದರ ಬುಡದಲ್ಲಿ ಕಬ್ಬಿಣದ ರೋಲರು. ಅಲ್ಲಿ ಒಬ್ಬ ಸಣಕಲು ಮನುಷ್ಯ ಹಾರೆಯಿಂದ ಸಿಕ್ಕಿಕೊಂಡ ಕಲ್ಲುಗಳನ್ನು ಮೀಟುತ್ತಿದ್ದ. ಬೆಲ್ಟಿನಿಂದ ಚೂರುಗಳು ಸಿಡಿದು ಅವನ ಮೊಣಕಾಲಿನ ಕೆಳಗೆ ಬಡಿಯುತ್ತಿದ್ದವು. ಗೋಣಿತಾಟು ಸುತ್ತಿಕೊಂಡಿದ್ದ. ತಾಟಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಏನವ್ವಾ, ನೀನೇ ಏನು ಯಾಸ್ಮೀನು?" ಎಂದ, ಜರ್ಸಿಯ ಮೇಲಿನ ಹೆಸರನ್ನು ಯಾರೋ ಓದಿ ಹೇಳಿದ ಮೇಲೆ. "ನಿನ್ನ ಹೆಸರು ದಿನಾ ಕೇಳ್ತೀನಿ."

"ಎಲ್ಲಿ?"

"ಕೂಲಿ ಕೊಡಾಕೆ ಶಾಹಿದಣ್ಣ ನನ್ನ ಹಂಗೇ ಕರೀತಾನೆ. 'ಬಾರೋ ಯಾಸ್ಮೀನಾ, ತಗ' ಅಂತಾನೆ. ಅಲ್ಲಿ ಹಾರೆ ಹಿಡ್ದವ್ನಲ್ಲ, ಮೀಸೆಯೋನು, ಅವ್ನು ಅಕ್ಷಿತಾ!"

ಮೀಸೆಯವನು ದೂರದಿಂದಲೇ ಸೊಂಟ ಬಳುಕಿಸಿ ತೋರಿಸಿದ. ಎಲ್ಲರೂ ನಕ್ಕರು. ನನ್ನೊಡನೆ ಮಾತಾಡಿದವನ ಹೆಸರು ಮೂಕಪ್ಪ. ಎಂಟು ವರ್ಷದಿಂದ ಅದೇ ಬೆಲ್ಟಿನ ಬುಡ.

"ನಿಮ್ಮ ಹೆಸರು ಪುಸ್ತಕದಲ್ಲಿಲ್ವಾ ಮಾವ?" ಎಂದೆ.

"ಇತ್ತು, ನೀವು ಬರೋ ತನ್ಕ. ಈಗ ಕೂಲಿ ಕೈಗೇ ಕೊಡ್ತಾರೆ. ಹೆಸರು ಎಲ್ಲಿದ್ರೇನವ್ವಾ, ರೊಕ್ಕ ಕೈಗೆ ಬಂದ್ರಾತು."

ಅವನ ಹೆಂಡತಿ ಗಿಡ್ಡಮ್ಮ ಬುತ್ತಿ ತಂದು ಬೇವಿನ ನೆರಳಲ್ಲಿ ಕಾಯುತ್ತಿದ್ದಳು. ಹೊಲದ ಕೂಲಿಗೆ ಹೋಗುವವಳು. ಮಧ್ಯಾಹ್ನ ಅಷ್ಟು ದೂರ ನಡೆದು ಬುತ್ತಿ ತರುತ್ತಿದ್ದಳು.

ಮರುವಾರ ನಾನು ಸೈಕಲ್ ಹತ್ತಿ ಹೋಗಿ ಅಪ್ಪ ಹೊಲಿದ ಹಳೆಯ ಪ್ಯಾಡುಗಳನ್ನು ಮೂಕಪ್ಪನಿಗೆ ಕೊಟ್ಟೆ. ಲಾಡಿ ಕಟ್ಟುವುದನ್ನು ಮಂಡಿಯೂರಿ ಕೂತು ನಾನೇ ತೋರಿಸಿಕೊಟ್ಟೆ. ಅವನು ಎರಡು ಹೆಜ್ಜೆ ಕುಣಿದ.

"ಗಾದಿ ಕಟ್ಟಿಕೊಂಡ್ರೆ ಮದುಮಗನ ಕಳೆ ಬಂತು ನೋಡ್ರಿ," ಎಂದಳು ಗಿಡ್ಡಮ್ಮ ಬಾಯಿಗೆ ಸೆರಗು ಹಿಡಿದು.

ಮಾಡಿದ್ದು ಒಳ್ಳೆಯದು ಅನ್ನಿಸಿತು. ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಅವನಿಗೂ ಹಾಗೇ ಅನ್ನಿಸಿತು.

ಜನವರಿಯಲ್ಲಿ ಒಂದರ ಹಿಂದೆ ಒಂದು ಮೂರು ಪಂದ್ಯಾವಳಿ ಬಂದವು: ಚನ್ನಗಿರಿ, ನ್ಯಾಮತಿ, ಹೊನ್ನಾಳಿ. ಹೊರಡುವ ಮುಂಚೆ ಶಾಹಿದಣ್ಣ ಓಡೋಡಿ ಬಂದ. "ತಿಂಗಳ ಕೊನೆಗೆ ನೀವು ಊರಾಗೆ ಇರಲ್ಲ. ಮೂವತ್ತೊಂದರ ತನ್ಕ ಈಗಲೇ ಹಾಕಿಬಿಡ್ರಿ." ಇನ್ನೂ ಬಾರದ ಹದಿಮೂರು ದಿನಗಳಿಗೆ ನಾನು ವಾರೆಯಾಗಿ, ನೆಟ್ಟಗೆ, ದಣಿದ ಕೈಯಲ್ಲಿ ಸಹಿ ಹಾಕಿದೆ. ಸಮಯದ ಕಾಲಂನಲ್ಲಿ ಅವನೇ ಬರೆದುಕೊಂಡ, ಬೆಳಗ್ಗೆ ಎಂಟರಿಂದ ಐದು.

ಚನ್ನಗಿರಿಯಲ್ಲಿ ಸುಲಭವಾಗಿ ಗೆದ್ದೆವು. ನ್ಯಾಮತಿಯಲ್ಲಿ ಗೋಲಿನ ಹಿಂದೆ ನಿಂತ ಪಡ್ಡೆಗಳು ಇಡೀ ಆಟ ಕೂಗುತ್ತಿದ್ದರು, "ಏ ಜಲ್ಲಿ ಹುಡುಗೇರಾ, ಲೋಡ್ ಎಷ್ಟು?" ಅಕ್ಷಿತಾ ಚೆಂಡು ತರಲು ಬಂದವಳು ನಿಂತು, "ನಿಮ್ಮೂರ ರಸ್ತೆ ನೋಡಿದ್ರೆ ಹತ್ತು ಲೋಡ್ ಬೇಕು, ನಿಮ್ಮಪ್ಪನ್ನ ಕಳ್ಸು," ಎಂದು ಹೋದಳು. ಅವತ್ತು ಅವಳೇ ಎರಡು ಗೋಲು ಹೊಡೆದಳು. ರಾಜ್ಯ ತಂಡದ ಆಯ್ಕೆಗೆ ಅವಳನ್ನು ಕರೆಯುವ ಮಾತು ನಡೆದಿತ್ತು.

ಹೊನ್ನಾಳಿಯ ಫೈನಲ್ಲು ಸಮಸಮವಾಗಿ ಮುಗಿದು ಶೂಟೌಟಿಗೆ ಹೋಯಿತು. ಒಬ್ಬೊಬ್ಬರೇ ಚೆಂಡು ತಂದು ನನ್ನೊಬ್ಬಳನ್ನು ದಾಟಬೇಕು. ಕೊನೆಯ ಹುಡುಗಿ ಬಂದಳು. ಹೆಲ್ಮೆಟ್ಟಿನ ಜಾಲರಿಯೊಳಗಿಂದ ನೋಡುವಾಗ ಲೋಕ ಚೌಕ ಚೌಕವಾಗಿ ಕಾಣುತ್ತದೆ, ಸದ್ದೆಲ್ಲ ನೀರಿನಡಿಯಿಂದ ಬಂದಂತೆ ಕೇಳುತ್ತದೆ. ಅವಳು ಎಡಕ್ಕೆ ತೋರಿಸಿ ಬಲಕ್ಕೆ ಹೊಡೆದಳು. ನಾನು ಬಲಗಾಲು ಚಾಚಿದೆ. ಚೆಂಡು ಪ್ಯಾಡಿಗೆ ಬಡಿದು ಆಚೆ ಹೋಯಿತು. ಆ ಸದ್ದು ಇನ್ನೂ ನನ್ನ ಕಾಲಲ್ಲಿದೆ. ಮೈಕಿನವನು ಕೂಗಿದ: "ಈಗ ಸಮಯ ಮೂರೂ ಮುಕ್ಕಾಲು, ಹೊನ್ನಾಳಿ ಕಪ್ಪು ಜಗಳೂರಿಗೆ!"

ವಾಪಸ್ ಬರುವಾಗ ಟೆಂಪೋದಲ್ಲಿ ಹಾಡು. ಮೇಷ್ಟ್ರು ಮಾತ್ರ ಮುಂದೆ ಕೂತು ಫೋನ್ ಕಿವಿಗೊತ್ತಿಕೊಂಡಿದ್ದರು. ಒಮ್ಮೆ ತಿರುಗಿ ನಮ್ಮನ್ನು ನೋಡಿದರು. ಊರು ಹತ್ತಿರ ಬಂದ ಮೇಲೆ ಹೇಳಿದರು. ಕ್ರಷರಿನಲ್ಲಿ ಮೂಕಪ್ಪ ಬೆಲ್ಟಿಗೆ ಸಿಕ್ಕಿ ಸತ್ತ.

ಮರುದಿನ ಬೆಳಗ್ಗೆ ಸಾಹುಕಾರರು ಮೈದಾನಕ್ಕೆ ಬಂದು ನನ್ನನ್ನೂ ಮೇಷ್ಟ್ರನ್ನೂ ಗೋಲಿನ ಕಂಬದ ಹತ್ತಿರ ಕರೆದರು.

"ಪುಸ್ತಕದ ಪ್ರಕಾರ ನಿನ್ನೆ ಮೂರೂ ಮುಕ್ಕಾಲಿಗೆ, ಆ ಅನಾಹುತ ಆದಾಗ, ಬೆಲ್ಟಿನ ಹತ್ರ ಇದ್ದಿದ್ದು ನೀನವ್ವಾ. ಮೂಕಪ್ಪ ಅನ್ನೋನು ನಮ್ಮಲ್ಲಿ ಇಲ್ಲವೇ ಇಲ್ಲ, ಹಳೇ ಪುಸ್ತಕಾನೂ ಈಗಿಲ್ಲ. ವಿಚಾರಣೆಗೆ ಕರೆದಾಗ ಇಷ್ಟು ಹೇಳು: ಯಾರೋ ಗೊತ್ತಿಲ್ಲ, ಕುರಿ ಹುಡುಕ್ಕೊಂಡು ಒಳಗೆ ಬಂದ, ಬ್ಯಾಡ ಅಂದ್ರೂ ಬೆಲ್ಟಿನ ಹತ್ರ ಹೋದ, ಜಾರಿದ."

ಕುರಿ ಎಂದ ಕೂಡಲೇ ನನಗೆ ಅಜ್ಜಿಯ ಕೋಟೆ ನೆನಪಾಯಿತು. "ನಾನು ಹೊನ್ನಾಳಿಯಲ್ಲಿದ್ದೆ ಸಾಹುಕಾರ್ರೇ. ಪೇಪರಿನಲ್ಲಿ ಫೋಟೋ ಬಂದಿದೆ."

"ನೋಡ್ದೆ. ಫೋಟೋದಾಗೆ ಹೆಲ್ಮೆಟ್ ಐತೆ. ಒಳಗಿರೋರು ಯಾರು ಅಂತ ಯಾರಿಗೆ ಗೊತ್ತು? ಆಟ ಆಡಿದ್ದು ಬದಲಿ ಕೀಪರ್ರು ಅಂತ ಮೇಷ್ಟ್ರು ಬರ್ಕೊಡ್ತಾರೆ."

ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಶೂ ತುದಿಯಿಂದ ಮೊರಂ ಕೆದಕುತ್ತಿದ್ದರು. ಸಾಹುಕಾರರ ಕಾರು ಹೋದ ಮೇಲೆ ಹೇಳಿದರು, "ಪುಸ್ತಕ ಸುಳ್ಳು ಅಂತ ಆದ್ರೆ ಟೀಮು ಅವತ್ತೇ ಮುಗೀತು ಯಾಸ್ಮೀನ್. ಅಕ್ಷಿತಾಗೆ ಮುಂದಿನ ತಿಂಗಳು ಆಯ್ಕೆ ಐತೆ. ಹತ್ತು ಹುಡುಗೇರ ಬದುಕು. ಸತ್ತೋನು ಎದ್ದು ಬರಲ್ಲ. ಅವನ ಹೆಂಡ್ತಿಗೆ ಸಾಹುಕಾರ್ರು ಕೈಲಾದಷ್ಟು ಕೊಡ್ತಾರಂತೆ."

"ಪುಸ್ತಕದಲ್ಲಿ ಹೆಸರಿದ್ದಿದ್ರೆ ಕಾನೂನಿಂದ ಸಿಗ್ತಿತ್ತಲ್ಲಾ ಸಾರ್, ಪರಿಹಾರ?"

"ಹೆಸರು ಇಲ್ವಲ್ಲಾ," ಎಂದರು ಮೇಷ್ಟ್ರು. ಇಲ್ಲದ್ದಕ್ಕೆ ಕಾರಣ ಎದುರಿಗೇ ನಿಂತಿದೆ ಎನ್ನುವುದನ್ನು ಇಬ್ಬರೂ ಹೇಳಲಿಲ್ಲ.

ಉಳಿದದ್ದನ್ನು ಶಾಹಿದಣ್ಣ ಹೇಳಿದ. ನಾನು ಸೈಕಲ್ ತಳ್ಳಿಕೊಂಡು ಹೋಗುವಾಗ ಟೀ ಅಂಗಡಿಯಿಂದ ಎದ್ದು ಜೊತೆಗೆ ನಡೆದ. ಎರಡು ದಿನದಿಂದ ಗಡ್ಡ ಹೆರೆದಿರಲಿಲ್ಲ.

"ನಿನ್ನ ಪ್ಯಾಡು ಕಣಮ್ಮಾ. ಬಲಗಾಲಿಂದು. ಎಡಗಾಲಿಂದು ರೆಕ್ಸಿನ್ ಹರಿದು ಹೋಗಿ ಅವತ್ತು ಒಂದೇ ಕಟ್ಟಿಕೊಂಡಿದ್ದ. ಕಲ್ಲು ಮೀಟಾಕೆ ಬಗ್ಗಿದಾಗ ಲಾಡಿ ರೋಲರಿಗೆ ಸುತ್ಕಂತು. ಎಳಕಂತು." ನನ್ನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದ. "ನಾನು ಓಡಿ ಸ್ವಿಚ್ಚು ಬಂದ್ ಮಾಡ್ದೆ. ಲಾಡಿ ಕಿತ್ತು ಬಂದಿದ್ರೆ ಉಳೀತಿದ್ದ. ಬರಲಿಲ್ಲ. ಏನು ಹೊಲಿಗೆಯಮ್ಮಾ ಅದು."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಹೇಳದೇ ಇರಬಹುದಿತ್ತೇನೋ. ಅಪ್ಪನ ಕೈಯಲ್ಲಿದ್ದ ದಬ್ಬಳ ಗಾದಿಯೊಳಗೆ ಅರ್ಧಕ್ಕೆ ನಿಂತಿತು. ಆಮೇಲೆ ಎದ್ದು ಹೋಗಿ ಹತ್ತಿ ಹಿಂಜುವ ಮಷಿನ್ ಹಾಕಿದ. ಅದರೊಳಗೆ ಹತ್ತಿ ಇರಲಿಲ್ಲ. ಖಾಲಿ ಮಷಿನು ಸುಮ್ಮನೆ ಗರಗರ ತಿರುಗಿತು.

ನಾನು ಅಜ್ಜಿಯ ಪಕ್ಕ ಹೊಸ್ತಿಲಲ್ಲಿ ಕೂತೆ. ಸತ್ಯ ಹೇಳುವುದೆಂದರೆ ಬರೀ ಹೊನ್ನಾಳಿಯಲ್ಲಿದ್ದೆ ಎನ್ನುವುದಲ್ಲ. ನಾನು ಅಲ್ಲಿರಲಿಲ್ಲ ಎಂದರೆ ಬೆಲ್ಟಿನ ಹತ್ತಿರ ಯಾರೂ ಇರಲಿಲ್ಲ ಎಂದಾಗುತ್ತದೆ ಅಷ್ಟೆ. ಮೂಕಪ್ಪ ಅಲ್ಲಿ ಕೆಲಸ ಮಾಡುತ್ತಿದ್ದ ಎನ್ನಲು ಇದ್ದ ಒಂದೇ ಸಾಕ್ಷಿ ಆ ಪ್ಯಾಡು. ಕುರಿ ಹುಡುಕುವವನು ಕಾಲಿಗೆ ಗಾದಿ ಕಟ್ಟಿಕೊಂಡು ಬರುವುದಿಲ್ಲ. ಅದು ನನ್ನದು, ನಾನೇ ಕೊಟ್ಟದ್ದು, ಅಪ್ಪ ಹೊಲಿದದ್ದು ಎಂದು ಎಲ್ಲರೆದುರು ಹೇಳಬೇಕು. ಗಿಡ್ಡಮ್ಮನೂ ಅಲ್ಲಿರುತ್ತಾಳೆ.

"ಅಜ್ಜಿ, ಆ ಕೋಟೆ ಕಥೆ. ಒಳಗೆ ಬಂದಿದ್ದ ಹುಡುಗಿ ಏನು ಮಾಡಿದಳು?"

ಅಜ್ಜಿ ಹತ್ತಿಯಿಂದ ಕೈ ತೆಗೆಯಲಿಲ್ಲ. "ಅವಳಿಗೆ ಬಾಗಿಲು ಬಡಿಯೋ ಸದ್ದು ಕೇಳಿಸ್ತಾ ಇತ್ತು. ನಮ್ಮವ್ವ ನಂಗೆ ಹೇಳಿದ್ದು ಅಷ್ಟೇ ಕಣೇ."

ವಿಚಾರಣೆ ನಡೆದದ್ದು ಊರಿನ ತಾಲ್ಲೂಕು ಕಚೇರಿಯ ಉದ್ದನೆಯ ಕೋಣೆಯಲ್ಲಿ. ಮೇಜಿನ ಹಿಂದೆ ಕಾರ್ಮಿಕ ಇಲಾಖೆಯ ಕನ್ನಡಕದ ಮಹಿಳಾ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವವರು. ಸಾಹುಕಾರರು, ಅವರ ವಕೀಲರು, ಮೇಷ್ಟ್ರು ಕುರ್ಚಿಗಳಲ್ಲಿದ್ದರು. ಗಿಡ್ಡಮ್ಮನಿಗೂ ಕುರ್ಚಿ ಹಾಕಿದ್ದರು, ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಕ್ರಷರಿನ ಕೂಲಿಯವರು ಆರು ಜನ ಸಾಲಾಗಿ ನಿಂತಿದ್ದರು. ಅವರೆಲ್ಲ ಆಗಲೇ ಹೇಳಿ ಮುಗಿಸಿದ್ದರು: ನೋಡಿಲ್ಲ, ಗೊತ್ತಿಲ್ಲ. ಅಕ್ಷಿತಾ ಎಂದು ಸೊಂಟ ಬಳುಕಿಸಿದ್ದ ಮೀಸೆಯವನೂ ಇದ್ದ. ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದ.

"ಇದು ನಿಮ್ಮ ಸಹಿಯಾ?" ಅಧಿಕಾರಿ ಪುಸ್ತಕ ತಿರುಗಿಸಿದರು.

"ಹೌದು ಮೇಡಂ. ಆದರೆ ಆ ದಿನ ಬರೋ ಮುಂಚೇನೇ ಹಾಕಿದ್ದು. ನಾನು ಅವತ್ತು ಹೊನ್ನಾಳಿಯಲ್ಲಿ ಹಾಕಿ ಆಡ್ತಿದ್ದೆ. ನಾನು ಯಾವತ್ತೂ ಕ್ರಷರಲ್ಲಿ ಕೆಲಸ ಮಾಡಿಲ್ಲ. ಮಾಡ್ತಿದ್ದೋರು ಮೂಕಪ್ಪ. ಅವರ ಹೆಸರು ತೆಗೆದು ನನ್ನ ಹೆಸರು ಹಾಕಿದ್ದಾರೆ."

ವಕೀಲರು ನಗುತ್ತಾ ಎದ್ದರು. "ಮೂಕಪ್ಪ ಕೆಲಸ ಮಾಡ್ತಿದ್ದ ಅನ್ನಾಕೆ ಏನೈತಮ್ಮಾ ನಿನ್ ಹತ್ರ?"

"ಅವರ ಕಾಲ ಮೇಲೆ ಏನಿತ್ತು ಅಂತ ನೋಡ್ರಿ."

ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿದರು. ಕಂದು ರೆಕ್ಸಿನ್, ಅಲ್ಲಲ್ಲಿ ಇಣುಕುವ ಹತ್ತಿ. ಹತ್ತಿ ಬೆಳ್ಳಗಿರಲಿಲ್ಲ. ಒಂದು ಲಾಡಿ ಹಗ್ಗದಂತೆ ಹೊಸೆದುಕೊಂಡಿತ್ತು, ಆದರೆ ಬುಡದಲ್ಲಿ ಭದ್ರವಾಗಿತ್ತು.

"ಇದು ನನ್ನ ಹಳೇ ಪ್ಯಾಡು. ಬೆಲ್ಟಿನ ಹತ್ರ ಕಲ್ಲುಚೂರು ಸಿಡಿದು ಅವರ ಕಾಲು ಗಾಯ ಆಗ್ತಿತ್ತು. ಅದಕ್ಕೆ ನಾನೇ ಕೊಟ್ಟೆ. ಕಟ್ಟೋದು ಹೇಗೆ ಅಂತಾನೂ ನಾನೇ ತೋರಿಸಿದೆ."

ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಕರೆಯುವ ಮೊದಲೇ ಮುಂದೆ ಬಂದ. ಪ್ಯಾಡನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದ. "ನಂದೇ ಹೊಲಿಗೆ ಅಮ್ಮಾವ್ರೇ. ನಾಲ್ಕೆಳೆ, ಮೇಣ ಹಚ್ಚಿದ್ದು. ಈ ಊರಾಗೆ ಬೇರೆ ಯಾರೂ ಹಿಂಗೆ ಹಾಕಲ್ಲ."

"ಹಂಗಾದ್ರೆ ಬರ್ಕೊಳ್ರಿ," ಎಂದರು ವಕೀಲರು, ಈಗ ನಗದೆ. "ಸಾವಿಗೆ ಕಾರಣ ಈ ತಂದೆ ಮಗಳು ಕೊಟ್ಟ ವಸ್ತು. ಕ್ರಷರಿನ ಯಂತ್ರ ಅಲ್ಲ."

ಬರೆಯುವವರು ಅದನ್ನೂ ಬರೆದುಕೊಂಡರು. ಆ ಪೆನ್ನಿನ ಸದ್ದಿನ ನಡುವೆ ನಾನು ಗಿಡ್ಡಮ್ಮನ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮೇಜಿನ ಮೇಲಿನ ಹತ್ತಿಯನ್ನು ನೋಡುತ್ತಿದ್ದಳು.

ಅಧಿಕಾರಿ ಎಲ್ಲವನ್ನೂ ಒಂದು ಕಡತಕ್ಕೆ ಸೇರಿಸಿದರು. ನಮ್ಮ ಟೀಮು ಬಂದ ಮೇಲೆ ಮೊದಲ ಸಲ ಮೂಕಪ್ಪನ ಹೆಸರು ಕ್ರಷರಿನ ಹೆಸರಿನ ಜೊತೆ ಒಂದೇ ಸಾಲಿನಲ್ಲಿ ಬರೆಯಲಾಯಿತು, 'ಕೆಲಸಗಾರನೆಂದು ಹೇಳಲಾದ' ಎಂಬ ಮಾತಿನೊಂದಿಗೆ. ಕಡತ ಕೋರ್ಟಿಗೆ ಹೋಯಿತು. ಅಲ್ಲಿಂದ ಒಂದು ತಾರೀಖು ಬಂತು, ಆಮೇಲೆ ಇನ್ನೊಂದು. ನಾಲ್ಕು ತಿಂಗಳಾಯಿತು. ತಾರೀಖು ಬರುತ್ತಲೇ ಇದೆ.

ಟೀಮು ಮಾತ್ರ ಅವತ್ತೇ ಮುಗಿಯಿತು. ಶಾಹಿದಣ್ಣ ಗೋಣಿಚೀಲ ತಂದು ಸ್ಟಿಕ್ಕು, ಜರ್ಸಿ, ನನ್ನ ನೀಲಿ ಪ್ಯಾಡುಗಳನ್ನು ತುಂಬಿಕೊಂಡು ಹೋದ. ಮೇಷ್ಟ್ರು ಈಗ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಾರೆ. ನಾನು ಎದುರು ಸಿಕ್ಕರೆ ಸೈಕಲ್ಲಿನ ಬೆಲ್ ಬಾರಿಸುತ್ತಾರೆ, ಅಷ್ಟೆ. ಅಕ್ಷಿತಾಳ ಆಯ್ಕೆ ತಪ್ಪಿತು. ಆಡಲು ಕ್ಲಬ್ಬೇ ಇಲ್ಲದವಳನ್ನು ಯಾರು ಕರೆಯುತ್ತಾರೆ? ಸಂತೆಯಲ್ಲಿ ಸಿಕ್ಕವಳು ತರಕಾರಿ ಚೀಲ ಕೆಳಗಿಟ್ಟೇ ಹೇಳಿದಳು:

"ಸತ್ಯ ಹೇಳಾಕೆ ನಿಂದೇನು ಹೋತು ಬಿಡೇ. ನಿಂಗೆ ಹೊಲಿಯಾಕೆ ಗಾದಿ ಅದಾವೆ. ನಂಗೇನೈತೆ?"

ಹೊನ್ನಾಳಿಯ ಕಪ್ಪು ಅವಳ ಮನೆಯಲ್ಲೇ ಇದೆ. ಅದರಲ್ಲಿ ಈಗ ಅವರಮ್ಮ ಸಾಸಿವೆ ಹಾಕಿಡುತ್ತಾಳಂತೆ.

ಕ್ರಷರು ಹನ್ನೊಂದು ದಿನ ನಿಂತಿದ್ದು ಮತ್ತೆ ಶುರುವಾಯಿತು. ಸಾಹುಕಾರರು ಹೊಸ ಹಾಜರಿ ಪುಸ್ತಕ ಇಟ್ಟಿದ್ದಾರೆ. ಈಗ ಕಬಡ್ಡಿ ಟೀಮು ಸಾಕಿದ್ದಾರೆ. ಆಟಕ್ಕೆ ಜನ ಸೇರುತ್ತಾರೆ, ಧೂಳಿನ ಅರ್ಜಿಗಳು ಕಡಿಮೆಯಾಗಿವೆ ಎಂದು ಕೇಳಿದ್ದೇನೆ.

ಮೊನ್ನೆ ಮಧ್ಯಾಹ್ನ ಗಿಡ್ಡಮ್ಮ ನಮ್ಮ ಬಾಗಿಲಿಗೆ ಬಂದಳು. ಕಂಕುಳಲ್ಲಿ ಒಂದು ಬಟ್ಟೆ ಗಂಟು. ಅಜ್ಜಿ ಸರಿದು ಹೊಸ್ತಿಲಲ್ಲಿ ಜಾಗ ಮಾಡಿದಳು. ಗಿಡ್ಡಮ್ಮ ನೀರು ಕುಡಿದು ಚೊಂಬು ಕೆಳಗಿಟ್ಟು ಗಂಟು ಬಿಚ್ಚಿದಳು. ಒಳಗೆ ಎಡಗಾಲಿನ ಪ್ಯಾಡು.

ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇಮಾಮಣ್ಣ, ಇದರ ಲಾಡಿ ಕಡೆ ಹರಿದೈತೆ. ಹೊಲಿದು ಕೊಡ್ತೀಯಾ? ಸೋಮವಾರದಿಂದ ಗುಡ್ಡದ ಆ ಕಡೆ ಕ್ರಷರಿಗೆ ಹೋಗ್ತೀನಿ. ಹೊಲದಾಗೆ ಈಗ ಕೂಲಿ ಇಲ್ಲ. ಅಲ್ಲೂ ಚೂರು ಕಾಲಿಗೆ ಬಡೀತಾವಂತೆ."

ನಾನೇ ಕೇಳಿದೆ, "ಪುಸ್ತಕದಲ್ಲಿ ಹೆಸರು ಬರ್ಕೊಂಡ್ರಾ ಅತ್ತೆ?"

"ಮುಂದಿನ ತಿಂಗಳು ಬರ್ಕಂತಾರಂತೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಿನ್ನ ಮ್ಯಾಲೆ ಸಿಟ್ಟಿತ್ತವ್ವಾ ನಂಗೆ. ಈಗ್ಲೂ ಐತೆ. ಆದ್ರೆ ಇದು ಕಟ್ಟಿಕೊಂಡ ಮ್ಯಾಲೆ ಅವರ ಕಾಲು ರಕ್ತ ಆಗಲಿಲ್ಲ. ಅದೂ ಸುಳ್ಳಲ್ಲ."

ಅಪ್ಪ ಪ್ಯಾಡನ್ನು ತೊಡೆಯ ಮೇಲೆ ಇಟ್ಟುಕೊಂಡ. ರೆಕ್ಸಿನ್ ಹರಿದ ಕಡೆ ಬೇರೆ ತುಂಡು ಹಚ್ಚಿದ. ಲಾಡಿ ಹೊಲಿಯುವ ಸರದಿ ಬಂದಾಗ ಅಭ್ಯಾಸದಂತೆ ದಾರವನ್ನು ನಾಲ್ಕೆಳೆ ಮಡಚಿ ಮೇಣಕ್ಕೆ ಕೈ ಹಾಕಿದವನು ನಿಂತ. ದಾರವನ್ನು ಬಿಚ್ಚಿದ. ಒಂದೇ ಎಳೆ ತೆಗೆದುಕೊಂಡ. ಮೇಣ ಮುಟ್ಟಲಿಲ್ಲ. ದೂರ ದೂರಕ್ಕೆ, ಕಲಿಯುವ ಹುಡುಗರು ಹಾಕುವಂತೆ ನಾಲ್ಕೇ ಟಾಕು ಹಾಕಿದ. ಅಂಥ ಹೊಲಿಗೆಯನ್ನು ಅಪ್ಪ ಹಾಕಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಪ್ಯಾಡನ್ನು ಕಾಲಲ್ಲಿ ಒತ್ತಿ ಹಿಡಿದು ಲಾಡಿಯನ್ನು ನನ್ನ ಕಡೆ ಚಾಚಿದ.

"ಜಗ್ಗು."

ಜಗ್ಗಿದೆ. ಬರಲಿಲ್ಲ. ಇನ್ನೊಂದು ಸಲ ಜಗ್ಗಿದೆ. ಆಗಲೂ ಬರಲಿಲ್ಲ. ನಲವತ್ತು ವರ್ಷ ಹೊಲಿದ ಕೈ, ಕೆಟ್ಟದಾಗಿ ಹೊಲಿಯಲು ಅದಕ್ಕೆ ಬರುವುದಿಲ್ಲ. ಅಪ್ಪ ಕತ್ತರಿ ತೆಗೆದುಕೊಂಡು ಎರಡು ಟಾಕು ಕತ್ತರಿಸಿದ.

"ಈಗ ಜಗ್ಗು."

ಲಾಡಿ ಕಿತ್ತು ನನ್ನ ಕೈಗೆ ಬಂತು.

"ಹಾಂ," ಎಂದ ಅಪ್ಪ. ಹಣೆಯ ಬೆವರು ಒರೆಸಿಕೊಂಡು ಸೂಜಿಗೆ ಮತ್ತೆ ಒಂದೇ ಎಳೆ ಪೋಣಿಸಿದ. ಉಳಿದ ಮೂರು ಲಾಡಿಗಳನ್ನೂ ಬಿಚ್ಚಿ, ನಾಲ್ಕಕ್ಕೂ ಎರಡೆರಡೇ ಟಾಕು ಹಾಕತೊಡಗಿದ.